ಹಿಂದಿನ ಹಳ್ಳ ನೋಡಿದವರು ಯಾರು?

ಗುಂಡವ್ವನಿಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಊರು. ಮೇಲೆ ಮಹಾರಾಷ್ಟ್ರದಲ್ಲಿ ಆಣೆಕಟ್ಟಿನ ನೀರು ಬಿಟ್ಟಿದ್ದಾರೆಂದು ಪಂಚಾಯಿತಿಯವರು ಡಂಗುರ ಸಾರಿಸಿದ್ದರು. ಮನೆಯಲ್ಲಿ ಸೊಸೆ ಪ್ರಜ್ಞಾಳಿಗೆ ದಿನ ತುಂಬಿವೆ. ಆದರೂ ಈ ಅತ್ತೆಯ ಹಟ ನೋಡಿ! ಹೊಳೆಯ ನೀರು ಏರಿ ಬಂದು ಗುಡಿಯ ಮೆಟ್ಟಿಲು ಮುಟ್ಟಬೇಕಂತೆ, ತಾನು ಹೊಳೆತಾಯಿ ಗಂಗವ್ವನಿಗೆ ಉಡಿ ತುಂಬಬೇಕಂತೆ, ಆಮೇಲೆ ಮನೆ ಬಿಡುವುದಂತೆ. ಹಿಂದಿನಿಂದ ನಡೆದುಬಂದ ರೂಢಿ. ಗುಡಿಗೂ ಮನೆಗೂ ಎಡತಾಕಿ ಅವಳ ಕಾಲು ಸೋತವು.

ಆಶಾ ಕಾರ್ಯಕರ್ತೆ ಶಾಹಿಸ್ತಾ ಏದುಸಿರು ಬಿಡುತ್ತ ಬಂದಳು. "ದೊಡ್ಡವ್ವ, ಪ್ರಜ್ಞಾನ್ನ ಈಗಿಂದೀಗ ಇಂಡಿ ದವಾಖಾನಿಗೆ ಕಳಸ್ರಿ. ಜೀಪ ತಯಾರ ಐತಿ."

"ಏನವ್ವಾ ನಿನ್ನ ಅವಸರ! ನೀರು ಇನ್ನೂ ಕೆಳಗೈತಿ. ಮೆಟ್ಟಲಾ ಮುಟ್ಲಿ ತಡಿ."

"ನೀವು ಮುಂದಿನ ಹೊಳಿ ಕಾಯಾಕತ್ತೀರಿ. ಊರ ಹಿಂದಿನ ಹಳ್ಳ ಯಾರು ನೋಡೋರು? ಬರ್ರಿ ನನ್ನ ಕೂಡ."

ಗುಂಡವ್ವ ಗೊಣಗುತ್ತಲೇ ಹೋದಳು. ಹಳ್ಳದ ದಂಡೆಯಲ್ಲಿ ನಿಂತು ನೀರಿನತ್ತ ಬಗ್ಗಿ ನೋಡಿದಳು. ಹೊಳೆಯತ್ತ ಹರಿಯಬೇಕಾದ ಕಸಕಡ್ಡಿ ಊರಿನತ್ತ ಬರುತ್ತಿತ್ತು! ತುಂಬಿದ ಹೊಳೆ ಹಳ್ಳದ ನೀರನ್ನು ಹಿಂದಕ್ಕೆ ನೂಕುತ್ತಿತ್ತು. ಇಂಡಿಗೆ ಇರುವುದು ಆ ಹಳ್ಳದ ಸೇತುವೆಯ ದಾರಿಯೊಂದೇ.

"ಅಯ್ಯ ನನ್ನ ಕರ್ಮವೇ! ಮೆಟ್ಟಲಾ ಮುಟ್ಟೂತನಕ ಇದು ಮುಳುಗೇ ಹೋಗತೈತಲ್ಲವಾ!"

"ಮಳಿ ಈಗ ಮೊದಲಿನಂಗ ಇಲ್ರಿ, ಒಮ್ಮೆಲೇ ಸುರೀತೈತಿ. ಅದಕ್ಕಂತನ ಗ್ರಾಮಸಭಾದಾಗ ಯೋಜನಿ ಮಾಡೇವಿ. ಸೇತುವಿ ಕಂಬದ ಕೆಂಪು ಗೆರಿಗೆ ನೀರು ಬಂತಂದ್ರ ಬಸುರಿ, ಬಾಣಂತಿ, ವಯಸ್ಸಾದವರು ಮೊದಲು ಊರು ಬಿಟ್ಟು ಹೊಂಡಬೇಕು. ನೀವು ಸಭಾಕ್ಕ ಬರಲೇ ಇಲ್ಲ."

"ಎಲ್ಲೈತಿ ಆ ಗೆರಿ?"

"ಮುಳುಗೇತ್ರಿ. ಅದಕ್ಕ ಓಡಿ ಬಂದೀನಿ."

ಗುಂಡವ್ವ ಸೀರೆ ಮೇಲೆತ್ತಿ ಓಡಿದ್ದೇ ಓಡಿದ್ದು. ಸೊಸೆಯನ್ನು ಜೀಪಿಗೆ ಹತ್ತಿಸಿ ತಾನೂ ಹತ್ತಿದಳು. ಅವರು ದಾಟಿದ ತುಸು ಹೊತ್ತಿಗೆ ಸೇತುವೆ ಕಾಣದಾಯಿತು. ಉಳಿದವರೆಲ್ಲ ಯೋಜನೆಯಂತೆ ಎತ್ತರದ ಶಾಲೆ ಸೇರಿಕೊಂಡರು. ಸಂಜೆ ಆಸ್ಪತ್ರೆಯಲ್ಲಿ ಪ್ರಜ್ಞಾ ಹೆಣ್ಣು ಮಗು ಹೆತ್ತಳು. ಊರಲ್ಲಿ ಹೊಳೆ ಗುಡಿಯ ಮೆಟ್ಟಿಲು ಮುಟ್ಟಿದ್ದು ಮರುದಿನ.

ಮೊಮ್ಮಗಳನ್ನು ಎತ್ತಿಕೊಂಡ ಗುಂಡವ್ವನಿಗೆ ಅಳು ತಡೆಯಲಾಗಲಿಲ್ಲ. "ಹಟ ಮಾಡಿ ಕುಂತಿದ್ರ ಏನ ಆಗ್ತಿತ್ತವ್ವಾ! ಮುಂದಿನ ಸಭಾಕ್ಕ ಓಣಿ ಹೆಂಗಸರನ್ನೆಲ್ಲ ನಾನ ಎಳಕೊಂಡು ಬರ್ತೇನಿ" ಎಂದಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೆ ನೀರು ಯಾವ ಕಡೆಯಿಂದ ನುಗ್ಗುತ್ತದೆ? ಯಾವ ದಾರಿ ಮೊದಲು ಮುಳುಗುತ್ತದೆ? ಯಾರನ್ನು ಮೊದಲು ಸಾಗಿಸಬೇಕು? ಗ್ರಾಮಸಭೆಗೆ ಹೋಗಿ ಬಾಯಿಬಿಟ್ಟು ಹೇಳಿ, ಯೋಜನೆ ಮಾಡಿಸಿ. ನೀರು ಬಂದ ಮೇಲೆ ಸಭೆ ಸೇರಲು ಕಾಲೂರುವಷ್ಟು ನೆಲವೂ ಸಿಗುವುದಿಲ್ಲ.