ಬೀಗರ ಸಾಲು

ಬೀಗರು ಬಂದು ಹೋಗಿದ್ದರು. ಬೇಲಿಯ ಪಕ್ಕದ ಸಾಲಿನಲ್ಲಿ ಮೊಣಕಾಲೆತ್ತರ ಬೆಳೆದಿದ್ದ ಡೇಲಿಯಾ ಗಿಡಗಳೆಲ್ಲ ಬುಡಸಮೇತ ಮಗುಚಿಬಿದ್ದಿದ್ದವು. ಗಡ್ಡೆ ಇದ್ದ ಕಡೆಯೆಲ್ಲ ಗುಂಡಿ, ಗುಂಡಿಯ ಸುತ್ತ ಕೆದರಿದ ಹಸಿಮಣ್ಣು, ಆ ಮಣ್ಣಿನಲ್ಲಿ ಕಪ್ಪು ಬಿಳಿ ಪಟ್ಟೆಯ ಒಂದು ಮುಳ್ಳು. ದರ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೆಲ್ಲ ನೋಡಿದ. ಸಿಟ್ಟು ಬರಲಿಲ್ಲ. ಹೆಂಡತಿ ಹೋದ ಮೇಲೆ ಮೊದಲ ಸಲ ಮನಸ್ಸಿಗೆ ಒಂದಿಷ್ಟು ಹಗುರವೆನಿಸಿತು.

"ಚೆನ್ನಾಗಿ ತಿಂದ್ರಾ? ಇನ್ನು ಒಳಗಡೆ ಬರಬೇಡಿ ಮಾರಾಯ್ರೇ" ಎಂದು ಬೇಲಿಯಾಚೆಗೆ ಕೇಳುವಂತೆ ಹೇಳಿದ. ಮುಳ್ಳುಕಂಟಿ ಒತ್ತಿ ಕಟ್ಟಿದ್ದ ಒಳಗಿನ ಸಾಲು ಕೂದಲೂ ಕೊಂಕದೆ ನಿಂತಿತ್ತು.

ಬೀಗರು ಎಂದರೆ ಮುಳ್ಳುಹಂದಿಗಳು. ಆ ಹೆಸರಿಟ್ಟವಳು ಹೆಂಡತಿ. "ಹೇಳದೆ ಕೇಳದೆ ಬರ್ತಾರೆ, ಹೊಟ್ಟೆ ಬಿರಿಯೋ ಹಾಗೆ ತಿಂತಾರೆ, ಏನಾದ್ರೂ ಅಂದ್ರೆ ಮೈಮೇಲಿನ ಮುಳ್ಳೆಲ್ಲ ನಿಲ್ಲಿಸ್ತಾರೆ. ಇನ್ನೇನನ್ನಬೇಕು ಅವರನ್ನ?" ಎನ್ನುತ್ತಿದ್ದಳು. "ನಮ್ಮತ್ತೆ ಮಾವನ ಮುಂದೆ ಮಾತ್ರ ಹಾಗನ್ನಬೇಡಮ್ಮ" ಎಂದು ಮಗಳು ಕೈಮುಗಿಯುತ್ತಿದ್ದಳು. ಹೂವಿನ ತೋಟ ಮಾಡುವವಳಿಗೆ ಶತ್ರುಗಳೇನು ಕಡಿಮೆಯೇ? ಮೊಗ್ಗು ಕುಕ್ಕುವ ಹಕ್ಕಿ, ಚಿಗುರು ಮೇಯುವ ಬಸವನಹುಳು, ಮೊಲ, ಇಲಿ. ಎಲ್ಲರಿಗೂ ಅವಳು ಬಾಯ್ತುಂಬ ಬೈದು, ಎಲ್ಲರಿಗೂ ಒಂದು ಪಾಲು ಬಿಡುತ್ತಿದ್ದಳು. ಬೇಲಿಯ ಪಕ್ಕದಲ್ಲಿ ಮಂಕು ಹಳದಿಯ ಸಾಧಾರಣ ಡೇಲಿಯಾ ನೆಟ್ಟರೆ ಮುಳ್ಳುಹಂದಿ ಅದರ ಗಡ್ಡೆ ತಿಂದು ತೃಪ್ತಿಯಾಗಿ ಹೋಗುತ್ತದೆ, ಮುಳ್ಳುಕಂಟಿ ದಾಟಿ ಒಳಗೆ ಬರುವ ಕಷ್ಟ ತೆಗೆದುಕೊಳ್ಳುವುದಿಲ್ಲ ಎಂಬುದು ಅವಳ ಲೆಕ್ಕ. ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಒಳಗಿನ ಸಾಲು ಅವಳದೇ ಹೂವಿನದು. ಎಂದೋ ಬಿತ್ತಿದ ಬೀಜಗಳಲ್ಲಿ ಒಂದು ಮಾತ್ರ ಕೆಂಡದ ಬಣ್ಣದ ಹೂ ಬಿಟ್ಟಿತ್ತು. ಅಂಥ ಬಣ್ಣ ಬೇರೆ ಯಾರ ತೋಟದಲ್ಲೂ ಇರಲಿಲ್ಲ. ಅದರ ಬೀಜ ಬಿತ್ತಿದರೆ ಇನ್ನೇನೋ ಹುಟ್ಟುತ್ತಿತ್ತು, ಆ ಬಣ್ಣ ಉಳಿಯಬೇಕಾದರೆ ಗಡ್ಡೆಯೇ ಉಳಿಯಬೇಕು. ಪ್ರತಿ ವರ್ಷ ಮೊದಲ ಹೂ ಅರಳಿದ ದಿನ ಅವಳು ಹೊಲಿಯುತ್ತಿದ್ದವನನ್ನು ಎಬ್ಬಿಸಿಕೊಂಡು ಹೋಗಿ, ಅವನ ಕೊರಳಲ್ಲಿದ್ದ ಟೇಪನ್ನೇ ಎಳೆದು ಹೂವಿನ ಅಗಲ ಅಳೆಯುತ್ತಿದ್ದಳು. "ಹೇಗಿದೆ ಬಣ್ಣ?" ಎಂದು ಕೇಳಿ ತಾನೇ ನಗುತ್ತಿದ್ದಳು. ಅವನೂ ನಗುತ್ತಿದ್ದ.

ಯಾಕೆಂದರೆ ಆ ಬಣ್ಣ ಅವನಿಗೆ ಕಾಣುತ್ತಿರಲಿಲ್ಲ. ಕೆಂಪು, ಹಸಿರು, ಕಂದು, ಮಂಕು ಹಳದಿ ಎಲ್ಲವೂ ಅವನ ಕಣ್ಣಿಗೆ ಒಂದೇ ಮಾಸಲು. ಬಣ್ಣ ಗೊತ್ತಾಗದ ದರ್ಜಿಯ ಹತ್ತಿರ ಯಾರು ಬಟ್ಟೆ ಕೊಟ್ಟಾರು? ಮದುವೆಯಾದ ಹೊಸದರಲ್ಲೇ ಹೆಂಡತಿ ಅದನ್ನು ಪತ್ತೆಹಚ್ಚಿದ್ದಳು, ಒಂದು ಮಾತೂ ಆಡದೆ ಉಪಾಯ ಮಾಡಿದ್ದಳು. ಪ್ರತಿಯೊಂದು ದಾರದುಂಡೆಯ ತೂತಿನಲ್ಲೂ ತುಂಡು ನೂಲು ಪೋಣಿಸಿ ಗಂಟು ಹಾಕಿಟ್ಟಳು. ಒಂದು ಗಂಟಾದರೆ ಕೆಂಪು, ಎರಡಾದರೆ ಹಸಿರು, ಮೂರಾದರೆ ಕಂದು. ಗಿರಾಕಿಗಳ ಎದುರಿಗೇ ಅವನು ಬೆರಳಲ್ಲಿ ತಡವಿ ಸರಿಯಾದ ದಾರ ತೆಗೆಯುತ್ತಿದ್ದ. ಊರಿರಲಿ, ಹೆತ್ತ ಮಗಳಿಗೂ ಈ ಸಂಗತಿ ತಿಳಿದಿರಲಿಲ್ಲ.

ಕಳೆದ ಸಲ ಹೂವಿನ ಕಾಲ ಮುಗಿದಾಗ ಅವಳು ಗಡ್ಡೆಗಳನ್ನು ಕಿತ್ತು, ಒಂದೊಂದಕ್ಕೂ ಚಿಂದಿ ಬಟ್ಟೆ ಕಟ್ಟಿ, ಎಲ್ಲವನ್ನೂ ಗೋಣಿಯಲ್ಲಿ ಗಂಟು ಕಟ್ಟಿಟ್ಟಳು. ಆಮೇಲೆ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ, ಮಗಳು ದಿಂಬು ಸರಿಮಾಡುತ್ತಿದ್ದಾಗ, ಅವನ ಮುಖವನ್ನೇ ನೋಡುತ್ತ ಹೇಳಿದ್ದಳು: "ಕೆಂಪು ಚಿಂದಿ ನಮ್ಮದು, ಹಸಿರು ಬೀಗರದ್ದು. ಗಂಟು ನೋಡ್ಕೊಳ್ಳಿ, ಆಯ್ತಾ?"

"ನೋಡ್ಕೋತೀನಿ" ಎಂದಿದ್ದ. ನೋಡಿಕೊಂಡ ಕೂಡ. ಆ ಗೋಣಿಗಂಟನ್ನು ಕತ್ತರಿಸುವ ಮೇಜಿನ ಕೆಳಗೆ, ತನ್ನ ಕಾಲ ಹತ್ತಿರವೇ ಇಟ್ಟುಕೊಂಡು ಇಲಿಯಿಂದ, ತೇವದಿಂದ ಕಾದ. ಕರ್ಮಾಂತರ ಮುಗಿಸಿ ಹೊರಡುವಾಗ ಮಗಳು "ಅಮ್ಮನ ಹೂವಿಂದು ಒಂದು ಗಡ್ಡೆ ನನಗೆ ಕೊಡಪ್ಪ" ಎಂದಾಗಲೂ ಕೊಡಲಿಲ್ಲ. "ಇರೋದೇ ನಾಲ್ಕು ಗಡ್ಡೆ. ಈ ಸಲ ಬೆಳೀಲಿ, ಮುಂದಿನ ಸಲ ತಗೊಂಡು ಹೋಗುವಿಯಂತೆ" ಎಂದ.

ನೆಡುವ ದಿನ ಗಂಟು ಬಿಚ್ಚಿದರೆ ಚಿಂದಿಗಳೆಲ್ಲ ಮಣ್ಣು ಮೆತ್ತಿಕೊಂಡು, ಅಂಚು ಬಿಟ್ಟು, ನೂಲು ನೂಲಾಗಿದ್ದವು. ಅಂಚು ಬಿಟ್ಟ ಬಟ್ಟೆ ಕಂಡರೆ ದರ್ಜಿಗೆ ಕೈ ಸುಮ್ಮನಿರದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕೆಲವು ಮಸುಕಾಗಿದ್ದವು, ಕೆಲವು ಇನ್ನೂ ಮಸುಕಾಗಿದ್ದವು. ಹೆಚ್ಚು ಕಪ್ಪಾಗಿ ಕಂಡವೇ ಹಸಿರಿರಬೇಕು, ಎಲೆ ಕಪ್ಪಗಲ್ಲವೇ ಇರುವುದು ಎಂದುಕೊಂಡ. ಪಕ್ಕದ ಮನೆಯವರನ್ನು ಕರೆದು ಕೇಳಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನವನ್ನು ಚಿಂದಿಯ ಮುಂದೆ ಹರಾಜಿಗಿಡಲು ಮನಸ್ಸಾಗಲಿಲ್ಲ. ಹಳೆಯ ಚಿಂದಿಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿದ. ಗಿರಾಕಿಗಳು ಬಾಯಿಬಿಟ್ಟು ಕೆಂಪು, ಹಸಿರು ಎಂದು ಹೇಳಿ ಕೊಟ್ಟಿದ್ದ ಬಟ್ಟೆಗಳಲ್ಲಿ ಉಳಿದ ತುಂಡುಗಳಿಗೆ ಅಂಚು ಹೊಲಿದು, ಗಡ್ಡೆಗಳನ್ನು ನೆಟ್ಟು, ಪಕ್ಕದ ಕಡ್ಡಿಗಳಿಗೆ ಅಂದವಾಗಿ ಕಟ್ಟಿದ. ಕೆಂಪು ಒಳಗೆ, ಹಸಿರು ಬೇಲಿಯ ಪಕ್ಕ.

ಬೀಗರು ತಮ್ಮ ಸಾಲು ತಿಂದು ಹೋದ ಕೆಲವು ವಾರಕ್ಕೆ ಒಳಗಿನ ಸಾಲು ಮೊಗ್ಗಾಯಿತು. ಅವನು ಬೆಳಗ್ಗೆ ಎದ್ದವನೇ ಬಸವನಹುಳುಗಳನ್ನು ಆರಿಸಿ ದೂರ ಬಿಟ್ಟುಬರುತ್ತಿದ್ದ. ಮೊದಲ ಹೂ ಅರಳಿದಾಗ ಕೊರಳಿನ ಟೇಪು ತೆಗೆದು ಅಳೆದ. ದುಂಬಿಯೊಂದು ಟೇಪಿನ ಮೇಲೇ ನಡೆದು ಹೋಗಿ ಹೂವಿನೊಳಗೆ ಕೂತಿತು. ಅವನಿಗೆ ಅಳು ಬಂತು, ಸಂತೋಷವೂ ಆಯಿತು. ಮಗಳಿಗೆ ಫೋನ್ ಮಾಡಿ "ಬಾ, ನಿಮ್ಮಮ್ಮನ ಹೂ ಬಂದಿದೆ" ಎಂದ.

ಮಗಳು ಬಸ್ಸಿಳಿದವಳು ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಸೀದಾ ಹಿತ್ತಲಿಗೆ ಬಂದಳು. ಬಂದವಳು ನಿಂತೇಬಿಟ್ಟಳು.

"ಎಲ್ಲಪ್ಪ?"

"ಕಣ್ಣೆದುರಿಗೇ ಇದೆಯಲ್ಲೇ."

"ಇದು ಹಳದಿ ಅಲ್ವಾ? ಬೀಗರ ಹೂವು."

"ಬಿಸಿಲಿಗೆ ಹಾಗೆ ಕಾಣುತ್ತೇನೋ ನೋಡು." ಅವನು ಕಡ್ಡಿಯ ಕಡೆ ಕೈ ತೋರಿಸಿದ. "ಕೆಂಪು ಚಿಂದಿ ಕಟ್ಟಿದೆಯಲ್ಲ."

"ಚಿಂದಿ ಕೆಂಪಗಿದೆ. ಹೂ ಹಳದಿ. ಅಮ್ಮಂದೆಲ್ಲಿ ನೆಟ್ಟಿದ್ದೀಯ?"

ಅವನ ಕಣ್ಣು ತಾನಾಗಿಯೇ ಬೇಲಿಯ ಕಡೆ ಹೋಯಿತು. ಮಗಳು ಅಲ್ಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಬರಿಗೈಯಲ್ಲಿ ಒಂದೊಂದೇ ಗುಂಡಿ ಕೆದಕಿದಳು. ಒಣಗಿದ ದಂಟು ಸಿಕ್ಕಿತು, ಸಿಪ್ಪೆಯಂಥದ್ದು ಸಿಕ್ಕಿತು. ಬೆರಳಿನಷ್ಟು ಗಡ್ಡೆಯಾದರೂ ಸಿಗಲಿಲ್ಲ.

"ನೋಡಿ ನೆಡಲಿಲ್ವಾ ನೀನು?"

"ನೋಡೇ ನೆಟ್ಟೆ."

"ಏನು ನೋಡ್ದೆ? ಕೆಂಪು ಯಾವುದು, ಹಸಿರು ಯಾವುದು ಅಂತ ಮಗೂಗೂ ಗೊತ್ತಾಗುತ್ತೆ!" ಅವಳು ಮಣ್ಣುಗೈಯಲ್ಲೇ ಎದ್ದು ನಿಂತಳು. "ಸಾಯೋ ಹೊತ್ತಲ್ಲಿ ಅಮ್ಮ ಹೇಳಿದ್ದು ಅದೊಂದೇ. ಅಷ್ಟೂ ಗಮನ ಇರ್ಲಿಲ್ವಾ ನಿನಗೆ? ನನಗೊಂದು ಕೊಟ್ಟಿದ್ರೆ ಉಳೀತಿತ್ತಲ್ಲಪ್ಪ."

ಹೇಳಿಬಿಡಬಹುದಿತ್ತು. ನನಗೆ ಕಾಣಲ್ಲ ಕಣೇ, ಹುಟ್ಟಿದಾಗಿನಿಂದ ಕಂಡೇ ಇಲ್ಲ ಎಂಬ ಮಾತು ತುಟಿಯವರೆಗೆ ಬಂತು. ಅಷ್ಟು ವರ್ಷ ಕಟ್ಟಿಕೊಂಡ ಬಾಯಿ ಬಿಚ್ಚಲಿಲ್ಲ. ಮಗಳು ಕೈ ತೊಳೆದು, ಊಟಕ್ಕೂ ನಿಲ್ಲದೆ, ಮುಂದಿನ ಬಸ್ಸಿಗೆ ಹೊರಟುಹೋದಳು.

ದರ್ಜಿ ಅಂಗಡಿಗೆ ಬಂದು ಕೂತ. ಕೈಗೆ ಕೆಲಸ ಹತ್ತಲಿಲ್ಲ. ಮೇಜಿನ ಕೆಳಗೆ ಗೋಣಿಗಂಟು ಇಟ್ಟಿದ್ದ ಜಾಗ ಖಾಲಿಯಿತ್ತು, ಅದರ ಪಕ್ಕ ಚಿಂದಿಯ ಚೀಲ. ಅವಳು ಕಟ್ಟಿದ್ದ ಹಳೆಯ ಚಿಂದಿಗಳನ್ನು ಎಸೆಯಲಾರದೆ ಅದರೊಳಗೇ ಉಳಿಸಿದ್ದ. ಚೀಲ ಸುರಿದು, ಮಣ್ಣು ಮೆತ್ತಿದ ಒಂದೊಂದನ್ನೇ ತೊಡೆಯ ಮೇಲೆ ಹಾಕಿಕೊಂಡು ಉಜ್ಜಿದ. ಬೆರಳಿಗೆ ಏನೋ ತಡೆಯಿತು.

ಚಿಂದಿಯ ತುದಿಯಲ್ಲಿ ಸಣ್ಣದೊಂದು ಗಂಟು. ಇನ್ನೊಂದು ಚಿಂದಿ ತೆಗೆದ, ಅದರ ತುದಿಯಲ್ಲಿ ಎರಡು. ಮತ್ತೊಂದು, ಎರಡು. ಮತ್ತೊಂದು, ಒಂದು. ಅವಸರಕ್ಕೆ ಹಾಕಿದವಲ್ಲ, ಎಳೆದು ಬಿಗಿದು, ಬೆರಳಿಗೆ ಸಿಗುವಂತೆ ಹಾಕಿದ ಗಂಟುಗಳು. ತೋಟ ಅವಳದು, ಕಣ್ಣು ಅವಳದು, ಗಂಟಿನ ಅಗತ್ಯ ಅವಳಿಗಿರಲಿಲ್ಲ. ಗಡ್ಡೆ ಕೀಳುವಾಗಲೇ, ಮುಂದಿನ ಸಲ ನೆಡುವುದು ತಾನಲ್ಲ ಎಂದು ಅವಳಿಗೆ ಗೊತ್ತಿತ್ತು.

ಗಂಟು ನೋಡ್ಕೊಳ್ಳಿ ಎಂದಿದ್ದಳು. ಮಗಳ ಎದುರಿಗೆ ಅದಕ್ಕಿಂತ ಬಿಡಿಸಿ ಹೇಳಿರಲಿಲ್ಲ. ಅವನು ಗೋಣಿಯ ಗಂಟನ್ನು ಕಾದಿದ್ದ. ತೊಡೆಯ ಮೇಲೆ ಚಿಂದಿಗಳನ್ನು ಹರಡಿಕೊಂಡು ದರ್ಜಿ ಬಾಯಿಗೆ ಅಂಗಿಯ ತೋಳು ಒತ್ತಿ ಅತ್ತ.

ಇಳಿಹೊತ್ತಿಗೆ ಹಿತ್ತಲಿಗೆ ಹೋದ. ಒಳಗಿನ ಸಾಲಿನ ಸುತ್ತ ಕಟ್ಟಿದ್ದ ಮುಳ್ಳುಕಂಟಿಯನ್ನು ಕಿತ್ತು ಒಂದು ಕಡೆ ಒಟ್ಟಿದ. ಕಡ್ಡಿಗಳಿಂದ ಅಂಚು ಹೊಲಿದ ಕೆಂಪು ತುಂಡುಗಳನ್ನು ಬಿಚ್ಚಿ, ಎರಡು ಗಂಟಿನ ಹಳೆಯ ಚಿಂದಿಗಳನ್ನು ತಡವಿ ತಡವಿ ಆರಿಸಿ ಕಟ್ಟಿದ. ಹೂಗಳ ಮೇಲೆ ದುಂಬಿಗಳು ಇನ್ನೂ ಇದ್ದವು. ಕಟ್ಟಿ ಮುಗಿದ ಮೇಲೂ ಒಂದು ಗಂಟಿನವು ನಾಲ್ಕು ಅಂಗೈಯಲ್ಲಿ ಉಳಿದವು.