ಹನ್ನೆರಡನೆಯ ಸಾಲಿನ ಹಿಮ

ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ಯಾರದೋ ಸಲಿಕೆ ಹಿಡಿಯವರೆಗೂ ಹಿಮದೊಳಗೆ ಇಳಿದು, ಅಡಿಯ ಸಿಮೆಂಟಿಗೆ ತಗುಲಿ ಟಣ್ ಎಂದಿತು. ಆ ಸದ್ದಿಗೆ ಗ್ರೆಚನ್ ಗೇಟಿನ ಬಳಿಯೇ ನಿಂತುಬಿಟ್ಟಳು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ, ಆಗಲೇ ಇಡೀ ಹಾರ್ಲೊ ಕ್ರೀಕ್ ಊರು ಸಲಿಕೆ ಹೊತ್ತು ಬಂದುಬಿಟ್ಟಿತ್ತು. ಹಲ್ಲಿನ ಡಾಕ್ಟರು, ಪಾದ್ರಿ, ಬಾರ್ ನಡೆಸುವವಳು, ಪರಸ್ಪರ ಮುಖ ನೋಡದ ದಾಯಾದಿಗಳು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು, ಎಲ್ಲರ ಬಾಯಿಂದಲೂ ಹಬೆ ಏಳುತ್ತಿತ್ತು. ಕೆರೆದ ಹಿಮ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಬರುತ್ತಿತ್ತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರೆ. ಇಲ್ಲಿ ಹೊರೆಯೇ ಹುಲ್ಲುಕಡ್ಡಿಯಾಗಿ ಕರಗುತ್ತಿತ್ತು.

ಎರಡು ದಿನ ಬಿಡದೆ ಸುರಿದಿತ್ತು ಹಿಮ. ಮಧ್ಯಾಹ್ನದೊಳಗೆ ಮೈದಾನವೂ ಆಸನಗಳೂ ಕಾಣದಿದ್ದರೆ ಪಂದ್ಯವನ್ನು ಎದುರಾಳಿಗಳ ರಾಜ್ಯದ ಸೂರು ಹೊದಿಸಿದ ಕ್ರೀಡಾಂಗಣಕ್ಕೆ ಒಯ್ಯುತ್ತೇವೆ ಎಂದು ಸಂಘಟಕರು ಹಿಂದಿನ ಸಂಜೆ ಹೇಳಿದ್ದರು. ಇದು ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಸೆಮಿಫೈನಲ್. ಇದೊಂದನ್ನು ಗೆದ್ದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಕೊನೆಯ ಆಟ. ಹಾರ್ಲೊ ಕಾಲೇಜು ಹುಟ್ಟಿದಾಗಿನಿಂದ ಅಲ್ಲಿಯವರೆಗೆ ಹೋದದ್ದೇ ಇಲ್ಲ. ಊರಿಗೆ ಯಾರೂ ಡಂಗುರ ಸಾರಬೇಕಾಗಿರಲಿಲ್ಲ.

ಇಲ್ಲಿನ ಪದ್ಧತಿಯೇ ಹಾಗೆ. ಯಾವ ಸಾಲಿನಲ್ಲಿ ಕೂರುತ್ತೀರೋ ಆ ಸಾಲಿನ ಹಿಮ ನಿಮ್ಮದು. ಸಾಲು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗಳಿಗೆ ಬರುತ್ತದೆ. ಚರ್ಚಿಗೆ ತಪ್ಪಿಸಿಕೊಂಡವರನ್ನಾದರೂ ಊರು ಹೊಟ್ಟೆಗೆ ಹಾಕಿಕೊಂಡೀತು, ತನ್ನ ಸಾಲನ್ನು ಹಿಮದಡಿ ಬಿಟ್ಟವರನ್ನಲ್ಲ. ಗ್ರೆಚನ್‌ಳದು ಹನ್ನೆರಡನೆಯ ಸಾಲು. ಈ ವರ್ಷ ಅವಳು ಅಲ್ಲಿ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅವಳ ಮಗ ಬ್ರೋಡಿ ತಂಡದ ಸ್ನ್ಯಾಪರ್. ಚೆಂಡನ್ನು ಒದೆಯುವ ಗಳಿಗೆ ಬಂದಾಗ ಮಾತ್ರ ಒಳಗೆ ಬರುತ್ತಾನೆ, ಬಗ್ಗಿ ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಹೊರಗೆ ಹೋಗುತ್ತಾನೆ. ಸರಿಯಾಗಿ ಎಸೆದರೆ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ತಪ್ಪಿದರೆ ಯಾರೂ ಮರೆಯುವುದಿಲ್ಲ. ಕಳೆದ ವರ್ಷ ಇದೇ ಮೈದಾನದಲ್ಲಿ, ಸೋಲು ತಪ್ಪಿಸಬೇಕಿದ್ದ ಕೊನೆಯ ಒದೆತಕ್ಕೆ ಅವನೆಸೆದ ಚೆಂಡು ಹಿಡಿಯುವವನ ತಲೆಯ ಮೇಲಿಂದ ಹಾರಿಹೋಗಿತ್ತು.

ಅದೇ ಗಳಿಗೆಯಲ್ಲಿ ಗ್ರೆಚನ್‌ಳ ಬೆನ್ನ ಹಿಂದೆ ಗಂಟೆ ಬಡಿದಿತ್ತು. ಹದಿಮೂರನೆಯ ಸಾಲಿನ ಮುದುಕ ಅರ್ವಿಡ್ ಪ್ರತಿ ಆಟಕ್ಕೂ ತರುವ ಹಸುವಿನ ಗಂಟೆ. ಚೆಂಡು ಎದುರಾಳಿಗಳ ಕೈಯಲ್ಲಿದ್ದಾಗ ಕಿವಿ ಕಿತ್ತುಹೋಗುವಂತೆ ಗಲಾಟೆ ಮಾಡಬೇಕು, ನಮ್ಮವರ ಕೈಗೆ ಬಂದಾಗ ತುಟಿ ಹೊಲಿದುಕೊಳ್ಳಬೇಕು. ಇದನ್ನು ಇಲ್ಲಿನ ಕೂಸುಗಳೂ ಬಲ್ಲವು. ಆವತ್ತು ಮಂಜು ಕವಿದಿತ್ತು. ಮುದುಕನ ಕಣ್ಣಿಗೆ ಯಾವ ಅಂಗಿ ಯಾರದೆಂದು ಕಂಡಿತೋ, ಬಾರಿಸಿಬಿಟ್ಟ. ಗ್ರೆಚನ್ ತಿರುಗಿ, "ನಿಮ್ಮ ಗಂಟೆ ಕಣ್ರೀ ನನ್ನ ಮಗನ್ನ ಕೆಡಿಸಿದ್ದು" ಎಂದು ಹತ್ತು ಜನರ ಎದುರು ಅಂದಿದ್ದಳು. ಅಲ್ಲಿಂದ ಮಾತಿಲ್ಲ. ಒಂದೇ ಅಂಗಡಿ, ಒಂದೇ ಅಂಚೆ ಕಚೇರಿ ಇರುವ ಊರಿನಲ್ಲಿ ಮಾತು ಬಿಟ್ಟು ಬದುಕುವುದು ಸುಲಭದ ಕೆಲಸವಲ್ಲ.

ನಿನ್ನೆ ಬ್ರೋಡಿ ಹಾಸ್ಟೆಲಿನಿಂದ ಫೋನ್ ಮಾಡಿದ್ದ.

"ಅಮ್ಮ, ನಾಳೆ ಬರ್ತೀಯಾ?"

"ರೇಡಿಯೋದಲ್ಲಿ ಚೆನ್ನಾಗಿ ಕೇಳ್ಸುತ್ತೆ ಕಣೋ."

"ರೇಡಿಯೋದವ್ರು ನನ್ನ ಹೆಸ್ರು ಹೇಳೋದು ನಾನು ಹಾಳು ಮಾಡಿದ್ರೆ ಮಾತ್ರ." ಆಮೇಲೆ, "ಗಂಟೆ ಅಲ್ಲಮ್ಮ. ನನ್ನ ಕೈ ಒದ್ದೆಯಾಗಿತ್ತು. ಎಷ್ಟು ಸಲ ಹೇಳ್ಲಿ ನಿಂಗೆ. ಇದು ನನ್ನ ಕೊನೇ ವರ್ಷ. ನಾಳೇನೂ ತಪ್ಪಿದ್ರೆ ಈ ಊರಲ್ಲಿ ಮುದುಕ ಆಗೋವರೆಗೂ ನಾನು ಅದೇ ಹುಡುಗ" ಎಂದ.

ರಾತ್ರಿಯೆಲ್ಲ ಆ ಮಾತು ಅವಳನ್ನು ಮಲಗಗೊಡಲಿಲ್ಲ. ಅದಕ್ಕೇ ಬಂದಿದ್ದಳು, ಸಲಿಕೆ ಹಿಡಿದು. ತನ್ನ ಸಾಲಿಗೆ ಹೋಗಬಾರದು, ಎಲ್ಲಾದರೂ ಮೂಲೆಯಲ್ಲಿ ಕೆರೆದು ಹೋಗೋಣ ಎಂದುಕೊಂಡು ಬಂದಿದ್ದಳು. ಆದರೆ ಅರ್ವಿಡ್‌ನ ಹೆಂಡತಿ ಫರ್ನ್‌ಳ ಕಣ್ಣು ತಪ್ಪಿಸಿ ಈ ಊರಿನಲ್ಲಿ ಬೆಕ್ಕೂ ದಾರಿ ದಾಟುವುದಿಲ್ಲ.

"ಅಂತೂ ಬಂದ್ಯಾ, ಮಹಾರಾಣಿ" ಎಂದು ಫರ್ನ್ ಮೇಲಿನಿಂದ ಕೂಗಿದಳು. "ಹತ್ತು, ಹತ್ತು. ಬಂದು ಈ ಮುದುಕನಿಗೆ ಸ್ವಲ್ಪ ಬುದ್ಧಿ ಹೇಳು. ಬೆಳಿಗ್ಗೆಯಿಂದ ನಿನ್ನ ಸಾಲೇ ಕೆರೀತಾ ಇದಾನೆ. ನಮ್ದು ಹಂಗೇ ಬಿದ್ದಿದೆ. ನಾನೇನು ಹಿಮದ ಮೇಲೆ ಕೂತ್ಕೋಬೇಕಾ?"

ಗ್ರೆಚನ್ ಹತ್ತಿದಳು. ಹನ್ನೆರಡನೆಯ ಸಾಲು ಆ ತುದಿಯಿಂದ ಈ ತುದಿಯವರೆಗೆ ಒರೆಸಿಟ್ಟ ಹಾಗಿತ್ತು, ಬೆಂಚಿನ ಮರದ ಗೆರೆಗಳೂ ಕಾಣುತ್ತಿದ್ದವು. ತುದಿಯಲ್ಲಿ ಅರ್ವಿಡ್ ಸಲಿಕೆಗೆ ಒರಗಿ ಏದುಸಿರು ಬಿಡುತ್ತಿದ್ದ. ಅವಳನ್ನು ನೋಡಿ ಟೋಪಿ ಮುಟ್ಟಿದ. ಸಿಟ್ಟು ಒಂದು ವರ್ಷ ಬೇಯಿಸಿದ ಬೇಳೆಯಂತೆ ಅವಳೊಳಗೆ ಎಂದೋ ಕರಗಿಹೋಗಿತ್ತು, ಇನ್ನೂ ಇದೆ ಅಂದುಕೊಂಡಿದ್ದಳು ಅಷ್ಟೇ. ಅವಳು ಒಂದು ಮೆಟ್ಟಿಲು ಮೇಲೇರಿ ಹದಿಮೂರನೆಯ ಸಾಲಿನ ಹಿಮಕ್ಕೆ ಸಲಿಕೆ ಹಾಕಿದಳು.

"ಸರಿಹೋಯ್ತು" ಎಂದಳು ಫರ್ನ್. "ಅವನು ನಿಂದು, ನೀನು ಅವನ್ದು. ಮಾತೊಂದು ಬಿಟ್ಟು ಎಲ್ಲಾ ಆಗತ್ತೆ ನಿಮ್ಮಿಬ್ರಿಗೆ. ಕಾಫಿ ಕುಡೀರಿ ಮೊದ್ಲು."

ಮಧ್ಯಾಹ್ನದ ಹೊತ್ತಿಗೆ ಮೈದಾನದ ನಡುವೆ ಹಸಿರು ಕಂಡಿತು. ನಾಲ್ಕೂ ಕಡೆ ಹಿಮದ ಗುಡ್ಡೆಗಳು, ಅವುಗಳ ನಡುವೆ ಆ ಒಂದು ತುಂಡು ಹಸಿರು. ಯಾರೋ ಹೊಸದಾಗಿ ಬಿತ್ತಿದ್ದಾರೋ ಎಂಬಂತೆ ಜನ ಅದನ್ನು ಕಣ್ತುಂಬ ನೋಡಿದರು. ಆಮೇಲೆ ಆಟ ಶುರುವಾಯಿತು, ಹಿಮವೂ ಮತ್ತೆ ಶುರುವಾಯಿತು.

ಎದುರಾಳಿಗಳು ದಕ್ಷಿಣದ ಬಿಸಿಲೂರಿನವರು. "ಪಾಪ, ಐಸ್‌ಕ್ರೀಮಲ್ಲಿ ಬಿಟ್ರೆ ಬೇರೆಲ್ಲೂ ಇದನ್ನ ನೋಡಿಲ್ಲ ಅವು" ಎಂದು ಫರ್ನ್ ಮೂಗು ಮುರಿದಳು. ಆದರೆ ಆ ಹುಡುಗರು ಚಳಿಗೆ ಜಗ್ಗುವವರಾಗಿರಲಿಲ್ಲ. ಹಾರ್ಲೊ ಒಂದು ಹೆಜ್ಜೆ ಮುಂದಿಟ್ಟರೆ ಅವರು ಎರಡು ಹೆಜ್ಜೆ ತಳ್ಳುತ್ತಿದ್ದರು. ಅವರ ಕೈಗೆ ಚೆಂಡು ಬಂದಾಗಲೆಲ್ಲ ಜನ ಒದರಿದರು, ಬೆಂಚು ಬಡಿದರು, ಅರ್ವಿಡ್‌ನ ಗಂಟೆ ಹುಚ್ಚೆದ್ದು ಬಡಿಯಿತು. ಅಷ್ಟೆಲ್ಲ ಆದರೂ ಕೊನೆಯ ಗಳಿಗೆಗೆ ಬಂದಾಗ ಹಾರ್ಲೊ ಎರಡು ಅಂಕ ಹಿಂದೆ. ಚೆಂಡು ನಮ್ಮದು. ಚೆಂಡನ್ನು ಹಳದಿ ಗೋಲುಕಂಬಗಳ ನಡುವೆ ಒದ್ದರೆ ಮೂರು ಅಂಕ, ಗೆಲುವು. ಇಲ್ಲವಾದರೆ ಎಲ್ಲ ಮುಗಿಯಿತು.

ಬ್ರೋಡಿ ಒಳಗೆ ಓಡಿಬಂದ. ಅವನ ನಡಿಗೆ ಗ್ರೆಚನ್‌ಗೆ ಗುಂಪಿನಲ್ಲೂ ಗೊತ್ತಾಗುತ್ತಿತ್ತು. ಎದುರಾಳಿ ಕೋಚ್ ಆಟ ನಿಲ್ಲಿಸಲು ಕೈಸನ್ನೆ ಮಾಡಿದ. ಕಾಯಲಿ, ಕಾದು ನಡುಗಲಿ ಎಂಬ ಹಳೇ ಉಪಾಯ. ಆ ಬಿಡುವಿನಲ್ಲಿ ಹಾರ್ಲೊ ಹುಡುಗರೆಲ್ಲ ಒಂದೆಡೆ ಸೇರಿ, ಚೆಂಡು ನಿಲ್ಲಿಸಬೇಕಾದ ಜಾಗದ ಹಿಮವನ್ನು ಬೂಟುಗಾಲಿನಿಂದ ಕೆರೆಯತೊಡಗಿದರು. ಬೆಳಿಗ್ಗೆ ಇಡೀ ಊರು ಮಾಡಿದ ಕೆಲಸವನ್ನೇ ಈಗ ಅವರು ಅಂಗೈಯಗಲ ನೆಲಕ್ಕೆ ಮಾಡುತ್ತಿದ್ದರು.

ಮತ್ತು ಜನ ಸುಮ್ಮನಾದರು. ಒಂದು ಕಡೆಯಿಂದ ಮೌನ ಹಬ್ಬುತ್ತ ಬಂದು ಇನ್ನೊಂದು ಕಡೆ ಮುಟ್ಟಿತು. ಸಾವಿರಾರು ಜನ, ಯಾರೂ ಹೇಳದೆ, ಯಾರೂ ತಡೆಯದೆ ಬಾಯಿ ಮುಚ್ಚಿದರು. ಬಾರ್ ನಡೆಸುವವಳು ಅಳುವ ಕೂಸಿನ ಬಾಯಿಗೆ ತನ್ನ ಬೆರಳು ಕೊಟ್ಟಳು. ಕೆಮ್ಮು ಬಂದವರು ಕೋಟಿನೊಳಗೆ ಮುಖ ಹುದುಗಿಸಿ ನುಂಗಿಕೊಂಡರು. ಹಿಮ ಬೀಳುವ ಸದ್ದು, ಆ ಇಲ್ಲದಂತಿರುವ ಸದ್ದು, ಗ್ರೆಚನ್‌ಗೆ ಕೇಳಿಸಿತು. ಇಷ್ಟೂ ಜನ ತನ್ನ ಮಗನಿಗಾಗಿ ಉಸಿರು ಬಿಗಿಹಿಡಿದಿದ್ದಾರೆ, ಕಳೆದ ವರ್ಷ ಅವರ ಎದೆ ಒಡೆದ ಆ ಹುಡುಗನಿಗಾಗಿ. ಇಂಥದ್ದನ್ನು ಅವಳು ಪ್ರಾರ್ಥನೆಯಲ್ಲೂ ಕಂಡಿರಲಿಲ್ಲ.

ಅವಳ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಗಂಡ ಎಣ್ಣೆಬಾವಿಯ ಕೆಲಸಕ್ಕೆಂದು ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿದ ಮೇಲೆ, ಗ್ಯಾರೇಜಿನಲ್ಲಿ ಬ್ರೋಡಿಯ ಎಸೆತ ಹಿಡಿಯಲು ಅವಳಲ್ಲದೆ ಇನ್ನಾರಿದ್ದರು? ಸ್ಕೂಲ್ ಬಸ್ಸು ಓಡಿಸಿ ಬಂದು, ಕೋಟನ್ನೂ ಕಳಚದೆ, ಮಂಡಿಯೂರಿ ಕೂರುತ್ತಿದ್ದಳು. ಚೆಂಡು ಬಡಿದು ಬೆರಳು ಮುರಿದ ದಿನ ಹುಡುಗ ಅತ್ತಿದ್ದ, ಅವಳು ನಕ್ಕಿದ್ದಳು. ಸೊಟ್ಟಗೆ ಬಂದ ಚೆಂಡು ಕೈಗೆ ಬಡಿದು ಚಟ್ ಅನ್ನುತ್ತದೆ, ನೆಟ್ಟಗೆ ಬಂದದ್ದು ಧಪ್ ಎಂದು ಮೆತ್ತಗೆ ಕೂರುತ್ತದೆ. ಕತ್ತಲಲ್ಲಿ ಕೇಳಿದರೂ ಅವಳಿಗೆ ಗೊತ್ತಾಗುತ್ತಿತ್ತು.

ಬ್ರೋಡಿ ಕೈಗಳನ್ನು ಹೊಟ್ಟೆಗೆ ಉಜ್ಜಿ ಒರೆಸಿಕೊಂಡ. ಬಗ್ಗಿದ.

ಗ್ರೆಚನ್ ಕಣ್ಣು ಮುಚ್ಚಿಕೊಂಡಳು.

ಧಪ್.

ಅಷ್ಟು ದೂರದಿಂದ, ಆ ಮೌನದ ಮೇಲೆ ತೇಲಿ ಬಂದು ಅವಳ ಅಂಗೈಯಲ್ಲೇ ಕೂತಂತಿತ್ತು ಸದ್ದು. ಅದರ ಹಿಂದೆಯೇ ಕಾಲು ಚೆಂಡಿಗೆ ತಗುಲಿದ ಸದ್ದು. ಅವಳು ಕಣ್ಣು ತೆರೆದಳು. ಹಳದಿ ಕಂಬಗಳ ಕಡೆ ನೋಡಲಿಲ್ಲ. ಎದುರಾಳಿಗಳ ರಾಶಿಯಡಿ ಬಿದ್ದಿದ್ದ ಮಗ ಮೊಣಕೈಯೂರಿ ತಲೆ ಎತ್ತುತ್ತಿದ್ದ, ಅವನನ್ನು ನೋಡಿದಳು. ಅವನ ಮುಖವೂ ಕಂಬಗಳ ಕಡೆ ಇರಲಿಲ್ಲ. ಅವನು ಹನ್ನೆರಡನೆಯ ಸಾಲಿನ ಕಡೆ ನೋಡುತ್ತಿದ್ದ.

ಆಮೇಲೆ ಊರು ಬಾಯಿ ಬಿಟ್ಟಿತು. ಜನ ಹಾರಿದರು, ಬಿದ್ದರು, ದಾಯಾದಿಗಳು ತಬ್ಬಿಕೊಂಡರು, ಫರ್ನ್ ಪಾದ್ರಿಯ ಬೆನ್ನಿಗೆ ಗುದ್ದಿದಳು. ಇಷ್ಟು ಸದ್ದಿನಲ್ಲೂ ಏನೋ ಒಂದು ಕಡಿಮೆಯಿದೆ ಅನ್ನಿಸಿ ಗ್ರೆಚನ್ ಹಿಂದೆ ತಿರುಗಿದಳು.

ಅರ್ವಿಡ್ ಗಂಟೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಅವನ ಬಲಗೈ ಬರಿದಾಗಿತ್ತು, ಚಳಿಗೆ ಸುಟ್ಟು ಕೆಂಪಗಾಗಿತ್ತು. ಕೈಗವಸು ಗಂಟೆಯ ಬಾಯಲ್ಲಿತ್ತು, ನಾಲಿಗೆ ಅಲುಗದಂತೆ ಗಿಡಿದು ತುಂಬಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಬಾರ್ಸಿ, ಅರ್ವಿಡ್" ಎಂದಳು ಗ್ರೆಚನ್. "ಈಗ ಬಾರಿಸ್ಬೋದು."

"ಬೆರಳು ಮಡಚೋಕೇ ಬರ್ತಿಲ್ಲ ಕಣಮ್ಮ" ಎಂದ ಮುದುಕ.

ಅವಳು ಗಂಟೆಯಿಂದ ಗವಸನ್ನು ಎಳೆದು ತೆಗೆದಳು. ಬಸ್ಸಿನ ಮಕ್ಕಳಿಗೆ ಚಳಿಗಾಲದ ಪ್ರತಿ ಬೆಳಿಗ್ಗೆ ತೊಡಿಸುವಂತೆ, ಒಂದೊಂದೇ ಬೆರಳು ಹುಡುಕಿ ಅವನಿಗೆ ತೊಡಿಸತೊಡಗಿದಳು. ಗಂಟೆಯನ್ನು ಬೆಂಚಿನ ಮೇಲಿಟ್ಟಿದ್ದಳು. ಜನರ ಕುಣಿತಕ್ಕೆ ಬೆಂಚು ಅದುರಿ, ಅದು ತನ್ನಷ್ಟಕ್ಕೆ ತಾನೇ ಸಣ್ಣಗೆ ಸದ್ದು ಮಾಡುತ್ತಿತ್ತು.