ಒಂದು, ಎರಡು, ಹಾರು

ಸ್ಟ್ರೆಚರ್ ಲಿಫ್ಟಿನೊಳಗೆ ಹಿಡಿಯಲಿಲ್ಲ. ಮೊದಲು ನೇರವಾಗಿ ತೂರಿಸಿ ನೋಡಿದರು, ಆಮೇಲೆ ಓರೆ ಮಾಡಿ ನೋಡಿದರು. ಎರಡು ಸಲವೂ ಒಂದು ಗೇಣು ಹೊರಗೇ ಉಳಿಯಿತು. ಹೊತ್ತಿದ್ದ ನಾಲ್ವರೂ ಲಿಫ್ಟ್ ರಿಪೇರಿಯವರು. ಇಂಥ ಲಿಫ್ಟಿನ ಒಳಗಿನ ಅಳತೆ ಅವರಿಗೆ ಬಾಯಿಪಾಠ. ಆದರೂ ಒಮ್ಮೆ ನೋಡದೆ ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಹದಿನಾಲ್ಕು ವರ್ಷ ಈ ಲಿಫ್ಟನ್ನು ನೋಡಿಕೊಂಡವನೇ ಈಗ ಸ್ಟ್ರೆಚರಿನ ಮೇಲೆ ಮಲಗಿದ್ದ.

"ಎತ್ತಿ ನಿಲ್ಲಿಸಿದ್ರೆ ಹಿಡಿಯುತ್ತೆ," ಎಂದ ಒಬ್ಬ.

"ಮೊದ್ಲು ನಿನ್ನನ್ನ ನಿಲ್ಲಿಸ್ತೀನಿ," ಎಂದರು ಮೇಸ್ತ್ರಿ. "ಮೆಟ್ಟಿಲಲ್ಲಿ ಇಳಿಸ್ರಪ್ಪ. ತಲೆ ಕಡೆ ಮೇಲಿರ್ಲಿ."

ನಾಲ್ಕು ಮಹಡಿ. ಸತ್ತವನ ಅಕ್ಕ ಕಂಬಿ ಹಿಡಿದುಕೊಂಡು ಹಿಂದೆ ಇಳಿದಳು. ಅವಳ ಹಿಂದೆ, ತೀರಿಕೊಂಡ ಆ ತಮ್ಮನ ಹೆಂಡತಿ. ಇಬ್ಬರೂ ಬೆಳಗಿನಿಂದ ಅತ್ತು ಮುಗಿಸಿದ್ದರು, ಅಥವಾ ಹಾಗೆಂದುಕೊಂಡಿದ್ದರು. ಎರಡನೇ ಮಹಡಿಯಲ್ಲಿ ಹೊತ್ತವರು ಉಸಿರು ತೆಗೆದುಕೊಳ್ಳಲು ನಿಂತಾಗ, ಖಾಲಿ ಲಿಫ್ಟ್ ಯಾರೋ ಕರೆದ ಹಾಗೆ ಬಂದು ಅಲ್ಲೇ ನಿಂತು ಬಾಗಿಲು ತೆರೆಯಿತು.

"ನೋಡಿ ಅಕ್ಕಾ," ಎಂದರು ಮೇಸ್ತ್ರಿ, ಹೊಸ್ತಿಲ ಕಡೆ ಕಾಲಿನಿಂದಲೇ ತೋರಿಸುತ್ತ. "ನೆಲಕ್ಕೂ ಅದಕ್ಕೂ ಸಮ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಯಾವ ಮಹಡೀಲಿ ಬೇಕಾದ್ರೂ ನೋಡಿ."

"ಚಿಕ್ಕವನಿದ್ದಾಗಿಂದ ಹಂಗೇ," ಎಂದಳು ಅಕ್ಕ. "ಹಠಮಾರಿ."

ಬಾಗಿಲು ಮುಚ್ಚಿಕೊಂಡಿತು. ಅವರು ಮತ್ತೆ ಸ್ಟ್ರೆಚರ್ ಎತ್ತಿದರು.

ವಿದ್ಯುತ್ ಚಿತಾಗಾರದಲ್ಲಿ ಹನ್ನೊಂದೂವರೆಗೆ ಬನ್ನಿ ಎಂದವರು ಒಂದು ಗಂಟೆಯಾದರೂ ಒಳಗೆ ಕರೆಯಲಿಲ್ಲ. ಇವರಿಗಿಂತ ಮೊದಲು ಬಂದವರದು ತಡವಾಗಿತ್ತಂತೆ. ಹೊರಗಿನ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕುಳಿತರು. ಸುಮ್ಮನೆ ಕುಳಿತರೆ ಹೊತ್ತು ಹೋಗುವುದಿಲ್ಲ. ಮೇಸ್ತ್ರಿ ಸತ್ತವನನ್ನು ಬೈಯತೊಡಗಿದರು. ಅವರಿಗೆ ಹೊಗಳಲು ಬರುತ್ತಿರಲಿಲ್ಲ.

"ತಪ್ಪು ಅಳತೆ ಬರೆದ ಚೀಟಿ ಜೇಬಲ್ಲಿ ಇಟ್ಕೋಬೇಡ ಅಂತ ನಾನೇ ಕಲಿಸಿದ್ದು. ಇಟ್ಕೊಂಡ್ರೆ ಯಾವತ್ತೋ ಒಂದಿನ ಅದನ್ನೇ ನಂಬಿಬಿಡ್ತೀವಿ, ಆಮೇಲೆ ಯಾರದೋ ಕಾಲು ಹೋಗುತ್ತೆ. ನಾವೆಲ್ಲ ಹರಿದು ಎಸೀತೀವಿ. ಇವನು ಹರಿದು, ನೀರಲ್ಲಿ ನೆನೆಸಿ, ಕಿವುಚಿ, ಆಮೇಲೆ ಎಸೀತಿದ್ದ. ಏನು ಹೇಳೋಣ ಇಂಥವನಿಗೆ!"

ಯಾರೋ ನಕ್ಕರು. ಆಗಲೇ ಗೇಟಿನಿಂದ ಸಣಕಲು ಮನುಷ್ಯನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ಬಂದು, ಯಾರ ಹತ್ತಿರ ಮಾತಾಡಬೇಕೆಂದು ತಿಳಿಯದೆ ಮೇಸ್ತ್ರಿಯ ಮುಂದೆ ನಿಂತ.

"ನಾನು... ಗೂಬೆ," ಎಂದ.

"ಏನಂದ್ರಿ?"

"ಗೂಬೆ. ಅವರು ಹಾಗೇ ಕರೀತಿದ್ರು. ಫೋನಲ್ಲಿ ನನ್ನ ಫೋಟೋ ಬದಲು ಗೂಬೆ ಚಿತ್ರ ಹಾಕಿದ್ದೆ, ಅದಕ್ಕೆ."

ತಮ್ಮನ ಹೆಂಡತಿ ತಲೆಯೆತ್ತಿ ನೋಡಿದಳು. "ಅಯ್ಯೋ, ನೀವೇನಾ! ಅತ್ತಿಗೆ, ಇವರೇ ನೋಡಿ. ಹನ್ನೊಂದು ವರ್ಷದಿಂದ ದಿನಾ ಸಂಜೆ ನಮ್ಮನೆ ಫೋನಿಗೆ ಬರ್ತಿದ್ದ ಗೂಬೆ." ಹಾಗೆಂದವಳೇ ಬಿಕ್ಕಿಬಿಕ್ಕಿ ಅತ್ತುಬಿಟ್ಟಳು.

ಗೂಬೆ ಬ್ಯಾಂಕೊಂದರಲ್ಲಿ ಗುಮಾಸ್ತ. ರಾತ್ರಿಯಿಡೀ ರೈಲಿನಲ್ಲಿ ಬಂದಿದ್ದ. ಒಂದು ಹಳೆಯ ವಿಡಿಯೋ ಆಟವನ್ನು ಈಗಿನ ಕಂಪ್ಯೂಟರಿನಲ್ಲಿ ಇದ್ದದ್ದು ಇದ್ದ ಹಾಗೆ ಮತ್ತೆ ಕಟ್ಟುವುದು ಅವರಿಬ್ಬರ ಕೆಲಸವಾಗಿತ್ತು. ಇಟ್ಟಿಗೆಯ ಬಣ್ಣದಿಂದ ಹಿಡಿದು ಹಾರುವ ಎತ್ತರದವರೆಗೆ ಎಲ್ಲವೂ ಹಳೆಯದರಂತೆಯೇ ಇರಬೇಕು. ಅಳೆಯುವವನು ತಮ್ಮ, ಪ್ರೋಗ್ರಾಂ ಬರೆಯಲು ಜೊತೆಗೆ ಗೂಬೆ. ಇಷ್ಟು ವರ್ಷದಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿರಲಿಲ್ಲ. ಈಗ ನೋಡಲು ಗೂಬೆ ಸ್ಟ್ರೆಚರಿನ ಹತ್ತಿರ ಹೋದ, ತುಂಬಾ ಹೊತ್ತು ನಿಂತ, ತಿರುಗಿ ಬಂದು ಅಕ್ಕನ ಪಕ್ಕದಲ್ಲಿ ಕುಳಿತ.

"ನೀವು ಅಕ್ಕ ಅಲ್ವಾ? ಆಟದಲ್ಲಿ ಏಳನೇ ಮಹಡಿ ತನಕ ಹೋದೋರು?"

ಅಕ್ಕ ಪೂರ್ತಿ ಅವನ ಕಡೆ ತಿರುಗಿದಳು. ಆ ಮಾತು ತಿಳಿದಿದ್ದವನು ಜಗತ್ತಿನಲ್ಲಿ ಒಬ್ಬನೇ ಇದ್ದ.

"ನಮ್ಮಕ್ಕ ಆಡಿ, ಸರಿಯಾಗಿದೆ ಅನ್ನೋ ತನಕ ಇದು ಮುಗಿದ ಹಾಗಲ್ಲ ಅಂತಿದ್ರು," ಎಂದ ಗೂಬೆ.

ಅಷ್ಟರಲ್ಲಿ ಒಳಗಿನಿಂದ ಕರೆದರು.

*

ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಆಟದ ಪೆಟ್ಟಿಗೆ ಅದು, ಟೀವಿಗೆ ಸಿಕ್ಕಿಸಿ ಆಡುವಂಥದು. ಹೆಸರಿನ ಚೀಟಿ ಕಿತ್ತುಹೋಗಿತ್ತು. ಕೈಯಲ್ಲಿ ಲಾಂದ್ರ ಹಿಡಿದ ಕುಳ್ಳನೊಬ್ಬ ಗೋಪುರ ಹತ್ತುತ್ತ, ಮಹಡಿಗೊಂದು ದೀಪ ಹಚ್ಚುತ್ತ ಹೋಗಬೇಕು. ದಾರಿಯಲ್ಲಿ ಗುಂಡಿಗಳು. ಬಿದ್ದರೆ ಒಂದು ಜೀವ ಹೋಯಿತು, ಮೂರು ಹೋದರೆ ಮತ್ತೆ ಮೊದಲಿನಿಂದ. ಅಕ್ಕ ತಮ್ಮ ಇಬ್ಬರೂ ಅವನಿಗೆ ಲಾಂದ್ರದಣ್ಣ ಎಂದು ಹೆಸರಿಟ್ಟಿದ್ದರು.

ಬಟನ್ ಒತ್ತುವ ಹಿಡಿಕೆ ಒಂದೇ ಇತ್ತು, ಅದು ಅಕ್ಕನ ಕೈಯಲ್ಲಿ. ಅವಳಿಗೆ ಹದಿನಾಲ್ಕು, ಅವನಿಗೆ ಒಂಬತ್ತು. ಅವನು ಪಕ್ಕದಲ್ಲಿ ಮಂಡಿಯೂರಿ ಕುಳಿತು ಎಣಿಸುತ್ತಿದ್ದ. "ಒಂದು... ಎರಡು... ಹಾರು!" ಅವನ ಬಾಯಿಂದ ಮಾತು ಬೀಳುವುದಕ್ಕೂ ಅವಳ ಹೆಬ್ಬೆರಳು ಒತ್ತುವುದಕ್ಕೂ ಸಂದು ಇರುತ್ತಿರಲಿಲ್ಲ. ಅವನಿಲ್ಲದಾಗ ಅವಳು ಮೂರನೇ ಮಹಡಿಯನ್ನೂ ದಾಟಿದವಳಲ್ಲ. ಇದನ್ನು ಅವಳು ಅವನಿಗೆ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ತಲೆಯ ಮೇಲೆ ಕೂತುಬಿಡುತ್ತಿದ್ದ.

ಏಳನೇ ಮಹಡಿ ಕೊನೆಯದು. ಅಲ್ಲಿ ಸಾಲಾಗಿ ಮೂರು ಗುಂಡಿ. ಎರಡು ವರ್ಷದಲ್ಲಿ ಎರಡನ್ನು ದಾಟಿದರು.

ಹದಿನಾರಕ್ಕೆ ಅವಳು ಹೊಲಿಗೆ ಕೆಲಸಕ್ಕೆಂದು ಚಿಕ್ಕಮ್ಮನ ಊರಿಗೆ ಹೊರಟಳು. ಹೊರಡುವ ಬೆಳಿಗ್ಗೆ, ಬಟ್ಟೆಬರೆ ಕಟ್ಟಿಯಾದ ಮೇಲೆ, ಒಂದು ಸಲ ಎಂದು ಆಡಲು ಕುಳಿತರು. ಅವತ್ತು ಲಾಂದ್ರದಣ್ಣ ಎಲ್ಲೂ ಬೀಳಲಿಲ್ಲ. ಮೂರನೇ ಗುಂಡಿಯ ಅಂಚಿಗೆ ಬಂದು ನಿಂತಾಗ ಅಪ್ಪ ಕೆಳಗಿನಿಂದ ಕೂಗಿದರು: "ಬಸ್ಸು ಹೋಗುತ್ತೆ ಬಾರೇ!"

ಅವಳು ಹಿಡಿಕೆ ಕೆಳಗಿಟ್ಟಳು. "ಆರಿಸ್ಬೇಡ. ಬಂದು ಮುಗಿಸ್ತೀನಿ."

ಅವನು ಆರಿಸಲಿಲ್ಲ, ಮುಟ್ಟಲೂ ಇಲ್ಲ. ಮೂರನೇ ದಿನ ಕರೆಂಟು ಹೋಯಿತು.

*

ಅವಳು ಹೊಲಿಗೆಯವಳಾಗಿಯೇ ಉಳಿದಳು. ಎರಡು ಗಂಟೆಯ ಬಸ್ಸಿನ ದೂರದಲ್ಲಿ ಅವಳ ಮನೆ, ಅಂಗಡಿ. ಭಾನುವಾರ ಅವನು ಫೋನು ಮಾಡುತ್ತಿದ್ದ, ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೂಂಗುಟ್ಟುತ್ತಿದ್ದಳು.

"ಅಕ್ಕಾ, ನಾಲ್ಕನೇ ಮಹಡಿ ಆಯ್ತು. ಬರ್ತೀಯಾ?"

"ಪೂರ್ತಿ ಆಗ್ಲಿ ಬಿಡೋ. ಒಂದೇ ಸಲ ಬರ್ತೀನಿ."

"ನೀನು ಅವತ್ತು ಬಸ್ಸು ಹತ್ತಿ ಹೋದ್ಮೇಲೆ ಲಾಂದ್ರದಣ್ಣ ಏನು ಮಾಡ್ದ, ಗೊತ್ತಾ?"

"ಏನು ಮಾಡ್ದ?"

"ಹೇಳಲ್ಲ. ಬಂದು ನೋಡು."

ಐವತ್ತು ದಾಟಿದ ಗಂಡಸು, ಒಂಬತ್ತರ ಹುಡುಗನ ಹಾಗೆ ಆಸೆ ತೋರಿಸುತ್ತಿದ್ದ. ಅವಳಿಗೆ ನಗು ಬರುತ್ತಿತ್ತು. ಹೋಗಬಹುದಿತ್ತು. ಎರಡು ಗಂಟೆಯ ದಾರಿ. ಒಂದು ಸಲ ಮದುವೆಗಳ ಸಾಲು, ಒಂದು ಸಲ ಗಂಡನ ಮಂಡಿನೋವು, ಒಂದು ಸಲ ಏನೂ ಇಲ್ಲ, ಬರೀ ಸೋಮಾರಿತನ. ಹನ್ನೊಂದು ವರ್ಷ ಹೀಗೆ ಕಳೆಯಿತು.

ಹೋದ ತಿಂಗಳು ಅವನ ದನಿ ಬೇರೆಯಾಗಿತ್ತು. "ಅಕ್ಕಾ, ನಾವು ಆಡಿದ್ದು ತಪ್ಪು ಆಟವಂತೆ."

ಅವಳ ಮುಂದೆ ಗಿರಾಕಿ ನಿಂತಿದ್ದಳು. "ಆಯ್ತು ಬಿಡೋ, ಆಮೇಲೆ ಮಾತಾಡ್ತೀನಿ," ಎಂದಿದ್ದಳು.

*

ಮನೆಗೆ ಬಂದು ಎಲ್ಲರೂ ಕೈಕಾಲು ತೊಳೆದು ಚಹಾ ಕುಡಿದಾಗ ಮೂರೂವರೆ. ಮೇಸ್ತ್ರಿ ಅಕ್ಕನನ್ನು ಆರು ಗಂಟೆಯ ಬಸ್ಸಿಗೆ ಬಿಟ್ಟುಬರುವುದಾಗಿ ಹೇಳಿ, ಕೆಳಗೆ ತಮ್ಮವರ ಜೊತೆ ಕುಳಿತರು. ತಮ್ಮನ ಹೆಂಡತಿ ಚಿಕ್ಕ ಕೋಣೆಯ ಬಾಗಿಲು ತೆಗೆದಳು.

"ಆಡ್ಬಿಡಿ ಅತ್ತಿಗೆ. ನಿಮಗೋಸ್ಕರ ಅಂತಾನೇ ಮಾಡಿದ್ದು."

ಅಕ್ಕ ಬೆಳಗಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೂ ಅದನ್ನೇ. ಬದುಕಿದ್ದಾಗ ಬರಲಿಲ್ಲ, ಇವತ್ತಾದರೂ ಆ ಮೂರನೇ ಗುಂಡಿ ದಾಟಿ, ಏಳನೇ ದೀಪ ಹಚ್ಚಿ, ಸರಿಯಾಗಿದೆ ಕಣೋ ಎಂದು ಒಂದು ಮಾತು ಹೇಳಿ ಹೋಗಬೇಕು. ಅವನಿಗೆ ಕೊಡಲು ಅವಳ ಹತ್ತಿರ ಬೇರೇನೂ ಉಳಿದಿರಲಿಲ್ಲ.

ಮೇಜಿನ ಮೇಲೆ ಕಂಪ್ಯೂಟರ್. ಪಕ್ಕದಲ್ಲಿ ಬೂಟಿನ ಡಬ್ಬ, ಅದರಲ್ಲಿ ಹಳೆಯ ಆಟದ ಪೆಟ್ಟಿಗೆ ತುಂಡುತುಂಡಾಗಿ ಬಿದ್ದಿತ್ತು. ಅಳೆಯಲೆಂದು ಬಿಚ್ಚಿ ಬಿಚ್ಚಿ ಅದು ಕೊನೆಗೆ ಸತ್ತೇಹೋಗಿತ್ತು. ಗೂಬೆ ಆಟ ಹಚ್ಚಿ, ಹಿಡಿಕೆಯನ್ನು ಅಕ್ಕನ ಕೈಗಿಟ್ಟ.

ಅದೇ ಗೋಪುರ. ಅದೇ ಮಾಸಿದ ಕೆಂಪು ಇಟ್ಟಿಗೆ, ಅಲ್ಲಲ್ಲಿ ಒಂದೊಂದು ಬಿರುಕು. ದೀಪ ಹತ್ತಿದಾಗ ಬರುವ ಅದೇ ಗಂಟೆಯ ಸದ್ದು. ಲಾಂದ್ರದಣ್ಣ ಬಂದ. ಅವಳು ಮನಸ್ಸಿನಲ್ಲೇ ಎಣಿಸಿದಳು: ಒಂದು, ಎರಡು... ಹಾರು ಎನ್ನುವ ಮೊದಲೇ ಅವನು ಗುಂಡಿಗೆ ಬಿದ್ದಿದ್ದ.

"ಓಡ್ತಾನಲ್ಲ ಇವನು!"

ಮತ್ತೆ ಆಡಿದಳು, ಮತ್ತೆ ಬಿದ್ದ. ಎರಡನೇ ಮಹಡಿಯಲ್ಲೇ ಮೂರು ಜೀವವೂ ಮುಗಿಯಿತು. ಅವಳು ಗೂಬೆಯ ಮುಖ ನೋಡಿದಳು.

"ಇದು ನಮ್ಮದಲ್ಲ," ಎಂದಳು.

ಗೂಬೆ ಕೈ ಹಿಸುಕಿಕೊಂಡ. "ಇದು ಸರಿಯಾದ ವೇಗ ಅಕ್ಕಾ. ನಿಮ್ಮನೇಲಿದ್ದದ್ದು ನಿಧಾನ. ಆಟ ಮಾಡಿದೋರ ದೇಶದ ಟೀವೀಲಿ ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾಗ್ತಿತ್ತು, ನಮ್ಮ ಕಡೆ ಟೀವೀಲಿ ಐವತ್ತೇ ಸಲ. ಅದಕ್ಕೆ ಹೊಂದಿಸಿ ಇಲ್ಲಿಗೆ ಕಳಿಸೋವಾಗ ಆಟಾನೇ ನಿಧಾನ ಆಗೋಯ್ತು. ನಮಗ್ಯಾರಿಗೂ ಗೊತ್ತಿರ್ಲಿಲ್ಲ. ನಿಮ್ಮ ತಮ್ಮ ಇಷ್ಟು ವರ್ಷ ಅಳೆದಿದ್ದು ಆ ಪೆಟ್ಟಿಗೇಲೇ."

"ಅದಕ್ಕೇನು?"

"ಹೋದ ತಿಂಗಳು ಅಲ್ಲಿ ಆಡಿ ಬೆಳೆದ ಒಂಬತ್ತು ಜನಕ್ಕೆ ಪರೀಕ್ಷೆಗೆ ಅಂತ ಕಳಿಸಿದ್ವಿ. ಎಲ್ಲರೂ ಒಂದೇ ಮಾತು: ಸೊಂಟದುದ್ದ ನೀರಲ್ಲಿ ನಡೆದ ಹಾಗಿದೆ, ಇದು ಆ ಆಟ ಅಲ್ಲ ಅಂತ. ನಿಮ್ಮ ತಮ್ಮ ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಕೂತು ನಡಿಗೆ, ಹಾರೋದು, ಬೀಳೋದು, ಒಂದೊಂದನ್ನೇ ತಿದ್ದಿದ್ರು. ಮೂರು ವಾರ."

"ಹಳೇದು?"

ಗೂಬೆ ಪರದೆಯ ಕಡೆ ತಿರುಗಿದ. "ಅಳಿಸಿಬಿಟ್ರು. ತಪ್ಪು ಅಳತೆ ಇಟ್ಕೋಬಾರ್ದು ಅಂದ್ರು. ಆ ಒಂಬತ್ತು ಜನರ ಹತ್ರಾನೂ ಅಳಿಸೋಕೆ ಹೇಳಿದ್ರು. ನಾನು ನನ್ನದನ್ನ ಅಳಿಸೋ ತನಕ ಫೋನಲ್ಲೇ ಕಾದ್ರು. ಬೇಡ ಅನ್ಬೇಕಿತ್ತು ನಾನು. ನಂಗೂ ಆ ನಿಧಾನಾನೇ ಸರಿ ಅನ್ನಿಸ್ತಿತ್ತು ಅಕ್ಕಾ. ನಾನೂ ಅದನ್ನೇ ಆಡಿದೋನು."

ಹರಿದು, ನೀರಲ್ಲಿ ನೆನೆಸಿ, ಕಿವುಚಿ. ಅಕ್ಕ ಬೂಟಿನ ಡಬ್ಬದ ಕಡೆ ನೋಡಿದಳು. ಫೋನಿನಲ್ಲಿ ಅವತ್ತು ಅವನು ಕೇಳಿದ್ದು ಇದನ್ನೇ. ಅವಳು, ನಮ್ಮದು ನಮಗೆ ಸರಿ ಕಣೋ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಿರಾಕಿಯ ಕುಪ್ಪಸಕ್ಕೆ ತೋಳು ಅಳೆಯುತ್ತಿದ್ದಳು.

"ನಿಧಾನ ಮಾಡೋಕಾಗಲ್ವಾ?" ಎಂದು ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಕೇಳಿದಳು.

ಗೂಬೆ ಕುಳಿತು ಏನೋ ಬರೆದ, ಅಳಿಸಿದ, ಬರೆದ. ನೇರ ಏಳನೇ ಮಹಡಿಗೇ ಬಿಟ್ಟ. ಲಾಂದ್ರದಣ್ಣ ಈಗ ನಿಧಾನವಾಗಿ ನಡೆದ. ಅಕ್ಕ ಬಾಯಿಬಿಟ್ಟೇ ಎಣಿಸಿದಳು: "ಒಂದು... ಎರಡು... ಹಾರು." ಅವನು ಹಾರಿದ, ಎದುರಿನ ಅಂಚಿಗೆ ಮೂಗು ತಾಗಿಸಿಕೊಂಡು ಕೆಳಗೆ ಹೋದ.

"ನಡಿಗೆ ಸರಿಹೋಯ್ತು, ಹಾರೋದು ಬೇರೆ ಆಗಿದೆ," ಎಂದ ಗೂಬೆ. ಇನ್ನೇನೋ ಬದಲಿಸಿದ. ಈ ಸಲ ಮೊದಲ ಗುಂಡಿ ದಾಟಿ ಎರಡನೆಯದರಲ್ಲಿ ಬಿದ್ದ. ಮತ್ತೆ ಬದಲಿಸಿದ. ಗಂಟೆ ಐದಾಯಿತು. ಅಕ್ಕನ ಹೆಬ್ಬೆರಳ ಗೆಣ್ಣು ನಲವತ್ತು ವರ್ಷ ಕತ್ತರಿ ಹಿಡಿದು ಊದಿಕೊಂಡದ್ದು. ಅದು ಈಗ ಚಳುಕು ಹೊಡೆಯುತ್ತಿತ್ತು.

"ಇವನು ತಪ್ತಾ ಇದಾನೋ, ನಾನು ತಪ್ತಾ ಇದೀನೋ?" ಎಂದಳು.

"ಗೊತ್ತಾಗ್ತಿಲ್ಲ ಅಕ್ಕಾ. ಅದನ್ನ ಹೇಳೋಕೆ ಬರ್ತಿದ್ದಿದ್ದು ಅವರೊಬ್ಬರಿಗೇ."

ಅಕ್ಕ ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಆಡೋವಾಗ ಎಣಿಸ್ತಿದ್ನಾ?"

"ಎಣಿಸದೆ! ಗೋಡೆ ಆಚೆಯಿಂದ ಹನ್ನೊಂದು ವರ್ಷ ಕೇಳಿದೀನಿ."

"ಹಂಗಾದ್ರೆ ನೀನೇ ಎಣಿಸಮ್ಮ. ಅವನು ಎಣಿಸ್ತಿದ್ದ ಹಾಗೇ."

ಅವಳು ಒಳಗೆ ಬಂದು ಅಕ್ಕನ ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿದಳು. "ಒಂದೆರಡ್‌ಹಾರು," ಎಂದಳು ಒಂದೇ ಉಸಿರಿಗೆ. ನಿಲ್ಲಿಸಿದಳು. "ಅಲ್ಲ, ಇದು ಹೋದ ತಿಂಗಳದು. ಹೊಸಾ ವೇಗ ರೂಢಿ ಆಗ್ಲಿ ಅಂತ ಹಗಲೆಲ್ಲ ಹಿಂಗೇ ಎಣಿಸ್ತಿದ್ರು. ಮೊದಲಿಂದು... ಒಂದು... ಎರಡು..." ಮತ್ತೆ ನಿಲ್ಲಿಸಿದಳು. "ಬರ್ತಿಲ್ಲ ಅತ್ತಿಗೆ. ಬಾಯಿಗೆ ಬರ್ತಾನೇ ಇಲ್ಲ."

"ಹೋಗ್ಲಿ ಬಿಡು," ಎಂದಳು ಅಕ್ಕ, ಅವಳ ಕೈ ಹಿಡಿದುಕೊಂಡು.

ಕೆಳಗಿನಿಂದ ಮೇಸ್ತ್ರಿ ಕೂಗಿದರು. "ಅಕ್ಕಾ, ಬಸ್ಸಿಗೆ ಹೊತ್ತಾಯ್ತು!"

ಗೂಬೆ ಕೊನೆಯ ಸಲ ಎಂದು ಇನ್ನೊಂದು ಬದಲಾವಣೆ ಮಾಡಿ ಕೊಟ್ಟ. ಹೇಗೋ ಎರಡು ಗುಂಡಿ ದಾಟಿದ್ದಾಯಿತು. ಲಾಂದ್ರದಣ್ಣ ಮೂರನೆಯದರ ಅಂಚಿಗೆ ಬಂದು ನಿಂತ. ಉಳಿದದ್ದು ಒಂದೇ ಜೀವ. ಅಕ್ಕನ ಹೆಬ್ಬೆರಳು ಬಟನ್ನಿನ ಮೇಲೆ ಹೋಯಿತು, ಒತ್ತಲಿಲ್ಲ. ಅವಳು ಹಿಡಿಕೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಹಾಗೇ ಬಿಡಿ ಅಕ್ಕಾ, ಬಂದು ನೋಡು ಅಂತ ಅವರು ಹೇಳ್ತಿದ್ದಿದ್ದು ಇದನ್ನೇ," ಎಂದ ಗೂಬೆ.

ಸ್ವಲ್ಪ ಹೊತ್ತು ಪರದೆಯ ಮೇಲೆ ಏನೂ ಆಗಲಿಲ್ಲ. ಆಮೇಲೆ ಲಾಂದ್ರದಣ್ಣ ಬಗ್ಗಿ ಲಾಂದ್ರವನ್ನು ಪಕ್ಕಕ್ಕಿಟ್ಟ. ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ. ತಲೆ ತಿರುಗಿಸಿ, ತಾನು ಬಂದ ದಾರಿಯ ಕಡೆಗೇ ನೋಡುತ್ತ ಕುಳಿತುಬಿಟ್ಟ.